ಅಣ್ಣನ ಚೌಕಳಿ ಜೋಡು

ಆಗಿನ್ನೂ ಬೆಲ್‌ಬಾಟಂ ಪ್ಯಾಂಟು ದುರ್ಗದಿಂದ ಹೊಸದುರ್ಗದ ಕಡೆಯ ಹಳ್ಳಿಗಳಿಗೆ ಬಂದ ಹೊಸತು. ಅದರ ಕೆಳಗೆ ಎತ್ತರದ ಹಿಮ್ಮಡಿಯ ಜೋಡು ಇಲ್ಲದಿದ್ದರೆ ಕಾಲೇಜು ಹುಡುಗರಿಗೆ ಮಾನವೇ ಇರುತ್ತಿರಲಿಲ್ಲ. ನನಗೆ ಹನ್ನೊಂದು ವರ್ಷ. ಅಣ್ಣ ಶಿವಣ್ಣ ದುರ್ಗದಲ್ಲಿ ಓದುತ್ತಿದ್ದ. ಚಪ್ಪಲಿ ತರುತ್ತೇನೆಂದು ನೂಲಿನಲ್ಲಿ ನನ್ನ ಪಾದದ ಅಳತೆ ತೆಗೆದುಕೊಂಡು ಹೋಗಿದ್ದವನು, ದೀಪಾವಳಿಗೆ ತನ್ನ ಕಾಲಿಗೆ ಮಾತ್ರ ಜೋಡು ಮೆಟ್ಟಿಕೊಂಡು ಬಂದ.

"ನಂದೆಲ್ಲಣ್ಣ?" ಅಂದೆ.

"ಮುಂದಿನ ಸಲ ತರ್ತೀನಿ. ಇದು ಮತ್ತೆ ಸಿಗಲ್ಲ ಕಣೇ. ಹನ್ನೆರಡೇ ಜೊತೆ ಮಾಡಿರದು."

ದುರ್ಗದ ಒಬ್ಬ ಜೋಡಿನ ಅಂಗಡಿಯವನೂ ಎದುರಿನ ದರ್ಜಿಯೂ ಕೂಡಿ ಮಾಡಿದ್ದಂತೆ. ತಳ ಅಂಗಡಿಯವನದು, ಮೇಲಿನ ಕೆಂಪು-ಹಳದಿ ಚೌಕಳಿ ಬಟ್ಟೆ ದರ್ಜಿಯದು. ಹೊಸ ಅಂಟಿನ ವಾಸನೆ ಪಡಸಾಲೆ ತುಂಬಿತ್ತು. ಆ ವಾಸನೆಗೇ ನನಗೆ ಹೊಟ್ಟೆ ಉರಿಯಿತು.

ಅಪ್ಪನಿಗೆ ಸೊಂಟ ಹಿಡಿದಿದ್ದರಿಂದ ಮರುದಿನ ಕುರಿ ಮೇಯಿಸುವುದು ನಮ್ಮಿಬ್ಬರ ಪಾಲಿಗೆ ಬಂತು. ಅಪ್ಪ ಹರಳೆಣ್ಣೆ ಉಣಿಸಿದ ತನ್ನ ದಪ್ಪ ಮೆಟ್ಟುಗಳನ್ನು ತೋರಿಸಿ, "ಇವ್ನ ಹಾಕ್ಕಂಡು ಹೋಗಲೇ. ಜಾಲಿಮುಳ್ಳು ಬಟ್ಟೆ ಚೆಂದ ನೋಡಲ್ಲ" ಅಂದ.

"ಅವು ಎತ್ತಿನ ಗೊರಸಿದ್ದಂಗೆ ಅವೆ" ಎಂದು ಅಣ್ಣ ಚೌಕಳಿ ಜೋಡಿನಲ್ಲೇ ಹೊರಟ.

ಮಧ್ಯಾಹ್ನ ಹಳ್ಳದಲ್ಲಿ ನೀರು ಕುಡಿಸುವಾಗ ಒಂದು ಮರಿ ಜಾರಿ ಕೆಸರಿನಲ್ಲಿ ಹೂತುಕೊಂಡಿತು. ತಾಯಿ ಕುರಿ ದಡದಲ್ಲಿ ಅರಚಿಕೊಳ್ಳುತ್ತಿತ್ತು. ಅಣ್ಣ ಬಂಡೆಯ ಮೇಲೆ ನಿಂತು ಒಮ್ಮೆ ಕೆಸರು ನೋಡಿದ, ಒಮ್ಮೆ ಕಾಲು ನೋಡಿಕೊಂಡ. ಹಾಕಿಕೊಂಡರೆ ಕೆಸರು, ಬಿಚ್ಚಿದರೆ ಮುಳ್ಳು.

"ನೀನೇ ಇಳಿಯೇ. ನಿಂಗೆ ಬರಿಗಾಲು ರೂಢಿ ಐತೆ" ಅಂದ.

ಇಳಿದೆ. ಮರಿಯ ಕೊರಳು ಹಿಡಿದು ಎಳೆಯುವಾಗ, ಕೆಸರಿನಡಿ ಬಿದ್ದಿದ್ದ ಜಾಲಿಯ ಕೊಂಬೆಯ ಮುಳ್ಳು ಹಿಮ್ಮಡಿಗೆ ಪೂರಾ ಇಳಿಯಿತು. ಮರಿಯನ್ನು ದಡಕ್ಕೆ ಹಾಕಿ ಅಲ್ಲೇ ಕುಸಿದೆ. ಎತ್ತಿಕೊಳ್ಳೆಂದು ಅಣ್ಣನತ್ತ ಎರಡೂ ಕೈ ಚಾಚಿದೆ. ಅವನು ನನ್ನನ್ನು ಬೆನ್ನಿಗೆ ಹಾಕಿಕೊಂಡು ನಾಲ್ಕು ಹೆಜ್ಜೆ ಇಟ್ಟ. ಜೋಡಿನ ಆ ಎತ್ತರದ ಹಿಮ್ಮಡಿ ಹೊರಳಿತು. ನನ್ನನ್ನು ಕೆಳಗಿಳಿಸಿ, "ಮೆಲ್ಲಕೆ ನಡಿ" ಅಂದ. ಮನೆಯವರೆಗೂ ಕುಂಟುತ್ತಾ ನಡೆದೆ. ಅವನು ಮುಂದೆ ಮುಂದೆ, ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತಾ ಹೋದ.

ಎಕ್ಕದ ಹಾಲು ಬಿಟ್ಟರೂ ಮುಳ್ಳು ಹೊರಬರಲಿಲ್ಲ. ಕಾಲು ಬಾತು ಕೀವಾಯಿತು. ಮೂರನೆಯ ದಿನ ರಾತ್ರಿ ನಾನು ತೆವಳಿಕೊಂಡು ಹೋಗಿ ಆ ಜೋಡುಗಳನ್ನು ಕುರಿ ಕೂಡುವ ರೊಪ್ಪದೊಳಗೆ ಎಸೆದೆ. ಬೆಳಗಾಗುವಷ್ಟರಲ್ಲಿ ಗಂಜಲ, ಹಿಕ್ಕೆ, ಗೊರಸು ಸೇರಿ ಚೌಕಳಿ ಯಾವುದೆಂದೇ ತಿಳಿಯುತ್ತಿರಲಿಲ್ಲ. ಹೊಡೆಯಲು ಬಂದ ಅಣ್ಣನ ಕೈಯನ್ನು ಅವ್ವ ಹಿಡಿದುಕೊಂಡಳು.

"ಅದು ಮಾಡಿದ್ದು ತಪ್ಪೇ. ನೀನು ಮೊದ್ಲು ಆ ಕಾಲು ನೋಡು" ಅಂದಳು.

ಅವನು ನೋಡಲಿಲ್ಲ. ಅಪ್ಪನ ಮೆಟ್ಟುಗಳನ್ನೇ ಹಾಕಿಕೊಂಡು, ನನಗೆ ಹೇಳದೆ ದುರ್ಗದ ಬಸ್ಸು ಹತ್ತಿದ.

ಕೀವಿನ ಜೊತೆ ಮುಳ್ಳೂ ಹೊರಬಿದ್ದು, ಹಿಮ್ಮಡಿಯ ಗಾಯ ಸಂಕ್ರಾಂತಿ ಹೊತ್ತಿಗೆ ಮಾಯಿತು. ಈಗ ರೊಪ್ಪವಿಲ್ಲ, ಆ ಹಳ್ಳದಲ್ಲಿ ಕೆಸರೂ ಇಲ್ಲ. ಮದುವೆ-ಮುಂಜಿಗಳಲ್ಲಿ ಅಣ್ಣ ಸಿಗುತ್ತಾನೆ. "ಚೆನ್ನಾಗಿದೀಯೇನಮ್ಮ?" ಅನ್ನುತ್ತಾನೆ, "ಹ್ಞೂಂ" ಅನ್ನುತ್ತೇನೆ. ಆ ದೀಪಾವಳಿಯವರೆಗೆ ರಿಬ್ಬನ್ನು, ಬಳಪ, ಬೋರೆಹಣ್ಣು, ಏನು ಬೇಕಾದರೂ ಅವನನ್ನೇ ಕೇಳುತ್ತಿದ್ದೆ. ಆಮೇಲೆ ಇಂದಿನವರೆಗೂ ಅವನಲ್ಲಿ ಏನನ್ನೂ ಕೇಳಿಲ್ಲ.