ಹೊಂಬಾಳಮ್ಮನ ಮಿಠಾಯಿ ದಾವಾ

ದಂಡಿನಶಿವರದ ಹೊಂಬಾಳಮ್ಮ ಮಾಡುವ ಕೊಬ್ಬರಿ ಮಿಠಾಯಿ ಎರಡು ತಿಂಗಳಿಟ್ಟರೂ ಕಮಟು ವಾಸನೆ ಹಿಡಿಯುತ್ತಿರಲಿಲ್ಲ. ಬೇರೆಯವರದು ವಾರದೊಳಗೆ ಕೆಡುತ್ತಿತ್ತು. ಅದಕ್ಕೇ ತಿಪಟೂರು, ತುರುವೇಕೆರೆಯ ಅಂಗಡಿಯವರು ಅವಳ ಮಾಲಿಗೆ ಕಾಯುತ್ತಿದ್ದರು. ಎಷ್ಟೋ ಬಾಣಲೆ ಪಾಕ ತಿಪ್ಪೆಗೆ ಸುರಿದು, ಬೈಗುಳ ತಿಂದು ಕಂಡುಕೊಂಡ ಹದ ಅದು. ಗಂಡ ಹುಚ್ಚಣ್ಣನಿಗೂ ಅವಳು ಅದನ್ನು ಹೇಳಿರಲಿಲ್ಲ.

೧೯೮೩ರ ದೀಪಾವಳಿಯ ಮುಂಚೆ ಅವಳಿಗೆ ವಿಷಮಶೀತ ಜ್ವರ ಬಂತು. ಒಪ್ಪಿಕೊಂಡ ಮಾಲು ಕೊಡದಿದ್ದರೆ ಅಂಗಡಿಗಳು ಕೈತಪ್ಪುತ್ತವೆ. ಬೇರೆ ದಾರಿ ಕಾಣದೆ ತಮ್ಮ ಮಾಯಣ್ಣನನ್ನು ಕರೆಸಿ, ಯಾರಿಗೂ ಹೇಳುವುದಿಲ್ಲ, ಸ್ವಂತಕ್ಕೂ ಬಳಸುವುದಿಲ್ಲ ಎಂದು ಮನೆದೇವರ ಮೇಲೆ ಆಣೆ ಹಾಕಿಸಿಕೊಂಡು, ಮಲಗಿದಲ್ಲೇ ಎಲ್ಲ ಹೇಳಿಕೊಟ್ಟಳು. ಹಬ್ಬದ ಮಾಲನ್ನು ಅವನು ಚೆನ್ನಾಗಿಯೇ ಮಾಡಿಕೊಟ್ಟ. ಸಂಕ್ರಾಂತಿ ಹೊತ್ತಿಗೆ ತುರುವೇಕೆರೆಯಲ್ಲಿ ತನ್ನದೇ ಮಿಠಾಯಿ ಅಂಗಡಿ ತೆರೆದ.

ಹೊಂಬಾಳಮ್ಮ ಸೀದಾ ಹೋಗಿ ಅಂಗಡಿ ಮುಂದೆ ನಿಂತಳು. "ಆಣೆ ಮಾಡಿದ್ದು ಎಲ್ಲೋಯ್ತಲಾ?"

"ಅದು ನಮ್ಮವ್ವ ಮಾಡ್ತಿದ್ದ ಮಿಠಾಯಿ ಕಣಕ್ಕ. ಅವ್ವುಂದು ಅಂದ್ಮೇಲೆ ನಂಗೂ ಪಾಲಿಲ್ವಾ?"

"ಅವ್ವ ಮಾಡ್ತಿದ್ದುದು ನಾಕೇ ದಿನಕ್ಕೆ ನಾರ್ತಿತ್ತು. ಮರ್ತ್‌ಬುಟ್ಯಾ?"

ಮಾಯಣ್ಣ ಗಿರಾಕಿಗೆ ಪೊಟ್ಟಣ ಕಟ್ಟತೊಡಗಿದ.

ಅಲ್ಲಿಂದ ಅವಳು ವಕೀಲ ಶಂಭುಲಿಂಗಯ್ಯನವರ ಮನೆಗೆ ಹೋದಳು. ಅವರು ಪೂರ್ತಿ ಕೇಳಿಸಿಕೊಂಡು ಹೇಳಿದರು: "ವ್ಯಾಪಾರದ ಗುಟ್ಟು ಕದ್ದೋರಿಗೆ ಅಂತಲೇ ಮಾಡಿದ ಕಾಯ್ದೆ ನಮ್ಮಲ್ಲಿಲ್ಲಮ್ಮ. ಆದ್ರೆ ನಂಬಿಕೆಯಿಂದ ಹೇಳಿದ್ದನ್ನ ದುರುಪಯೋಗ ಮಾಡ್ಕೊಂಡ ಅಂತ ದಾವಾ ಹಾಕಬಹುದು. ತಡೆಯಾಜ್ಞೆ ಕೇಳೋಣ."

"ಹಾಕಿ ಸಾಮಿ."

ವಾಯಿದೆ ಮೇಲೆ ವಾಯಿದೆ ಬಿದ್ದು, ಮಳೆಗಾಲದಲ್ಲಿ ವಿಚಾರಣೆಗೆ ಬಂತು. ಮಾಯಣ್ಣನ ವಕೀಲರು ಎದ್ದು ಕೇಳಿದ್ದು ಒಂದೇ ಪ್ರಶ್ನೆ: ತಾಯಿಯ ಮಿಠಾಯಿಗೂ ಮಗಳದಕ್ಕೂ ಇರುವ ವ್ಯತ್ಯಾಸವೇನು? ಹೊಂಬಾಳಮ್ಮ ಹಿಂದೆ ತಿರುಗಿ ನೋಡಿದಳು. ಬಾಗಿಲ ಬಳಿ ತಿಪಟೂರಿನ ಇಬ್ಬರು ಮಿಠಾಯಿ ವ್ಯಾಪಾರಿಗಳು ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿದ್ದರು.

"ಇಲ್ಲಿ ಹೇಳುದ್ರೆ ಗುಟ್ಟು ಎಲ್ಲುಳೀತದೆ ಸಾಮಿ?"

ನ್ಯಾಯಾಧೀಶರು ಮೆತ್ತಗೆ, "ಒಳಗೆ ನನ್ನ ಕೊಠಡಿಯಲ್ಲಿ ಹೇಳಿ. ಎರಡೂ ಕಡೆ ವಕೀಲರು ಇರುತ್ತಾರೆ, ಬೆರಳಚ್ಚಿನವರು ಬರೆದುಕೊಳ್ಳುತ್ತಾರೆ," ಎಂದರು.

ಒಡಹುಟ್ಟಿದವನೇ ಉಳಿಸಿಕೊಳ್ಳದ ಮಾತನ್ನು ಈ ಗುರುತಿಲ್ಲದವರು ಉಳಿಸಿಯಾರೇ? ಅವಳು ಬಾಯಿ ಬಿಡಲಿಲ್ಲ. ಗುಟ್ಟೇನೆಂದು ತಿಳಿಯದೆ ಅದು ಕಳುವಾಯಿತೆಂದು ಹೇಳಲಾಗದು ಎಂದು ತಡೆಯಾಜ್ಞೆಯ ಅರ್ಜಿ ವಜಾ ಆಯಿತು.

ಹೊರಗೆ ಬಂದವಳೇ ವಕೀಲರ ಮೇಲೆ ಹರಿಹಾಯ್ದಳು. "ಕಳ್ಳ ಮನೆಗೆ ನುಗ್ಗಿದ್ರೆ, ಪೆಟ್ಟಿಗೇಲಿರೋದ್ನೆಲ್ಲ ಬೀದೀಲಿ ಹರವು ಅಂತೀರಾ?"

"ಏನು ಹೋಯ್ತು ಅಂತ ಕೇಳೇ ಕೇಳ್ತಾರಮ್ಮ," ಎಂದರು ಶಂಭುಲಿಂಗಯ್ಯ. ಅವಳ ಸಿಟ್ಟು ಇಮ್ಮಡಿಯಾಯಿತು. ದಾವೆಯನ್ನು ಅಲ್ಲಿಗೇ ಬಿಟ್ಟಳು.

ಮರುವರ್ಷ ಮಾಯಣ್ಣನ ಬಳಿಯಿದ್ದ ಇಬ್ಬರು ಅಡುಗೆಯವರು ತಿಪಟೂರಿನ ಅಂಗಡಿಗಳಿಗೆ ಸೇರಿಕೊಂಡರು. ಎಲ್ಲರ ಮಿಠಾಯಿಯೂ ಕೆಡದೆ ಉಳಿಯತೊಡಗಿತು. ಹೊಂಬಾಳಮ್ಮನ ಮಾಲನ್ನು ಹುಡುಕಿಕೊಂಡು ಬರುವವರು ಇಲ್ಲವಾದರು.

ಒಂದು ದಿನ ಮಾಯಣ್ಣ ಬಂದು ಜಗಲಿಯ ಮೇಲೆ ಕೂತ. "ನಂಗೂ ಮೋಸ ಮಾಡ್ಬುಟ್ರು ಕಣಕ್ಕ. ಇಬ್ರೂ ಸೇರಿ ಕೇಸಾಕಾಣ್ವಾ?"

ಹೊಂಬಾಳಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಹುಚ್ಚಣ್ಣ ಭಾವಮೈದನಿಗೆ ಕಾಫಿ ತರಲು ಒಳಗೆ ಹೋದ. ಅವಳು ಚಪ್ಪಲಿ ಮೆಟ್ಟಿಕೊಂಡು ತೋಟದ ಕಡೆ ದಡದಡ ನಡೆದುಬಿಟ್ಟಳು.