ಏರಿನಲ್ಲಿ ಹಗುರಾಗುವ ಕಾರು

ಬೇಕರಿಯಾಕೆ ಆ ಹಳೆಯ ನೀಲಿ ಕಾರನ್ನು ಕೊಂಡದ್ದು ಅಂಗಡಿಗಳಿಗೆ ಬ್ರೆಡ್ಡು ಮುಟ್ಟಿಸಲು. ಮಾರಿದವರು ಹಿಂದಿನ ಬೀದಿಯ ಡ್ರಾಯಿಂಗ್ ಮೇಷ್ಟ್ರು. ಕಣ್ಣು ಮಂಜಾದ ಮೇಲೆ ಅವರು ಗಾಡಿ ಓಡಿಸುವುದನ್ನು ಬಿಟ್ಟಿದ್ದರು. ಹಿಂದಿನ ಸೀಟು ಕಳಚಿ ಟ್ರೇಗಳನ್ನು ಜೋಡಿಸಿದಾಗಿನಿಂದ ಕಾರಿನೊಳಗೆ ಸದಾ ಬಿಸಿ ಬ್ರೆಡ್ಡಿನ ಪರಿಮಳ, ಗಾಜಿನ ಮೇಲೆ ಹಬೆ. ಒಲೆಯ ಝಳದಿಂದ ಎದ್ದು ಬಂದವಳಿಗೆ ಮುಂಜಾನೆಯ ಬೀದಿಗಳು ನೀರಿನಡಿಯಲ್ಲಿ ಇದ್ದಂತೆ ಕಾಣುತ್ತಿದ್ದವು.

ಬರಬರುತ್ತಾ ಅವಳು ಒಂದು ಸಂಗತಿ ಗಮನಿಸಿದಳು. ಮಟ್ಟಸವಾದ ರಸ್ತೆಯಲ್ಲಿ ಕಾರು ಗೊಣಗುತ್ತಿತ್ತು. ಏರು ಸಿಕ್ಕಿದರೆ ಸಾಕು, ಹಗುರಾಗಿಬಿಡುತ್ತಿತ್ತು. ಯಾರೋ ಬಾಯಿ ಮುಚ್ಚಿಕೊಂಡು ಹಾಡು ಗುನುಗಿದಂತೆ ಸದ್ದು. ಒಂದೆರಡು ಸಲ ಊರಾಚೆಯ ಕವಲಿನಲ್ಲಿ ನಿದ್ದೆಗಣ್ಣಿನಲ್ಲೇ ಗುಡ್ಡದ ದಾರಿಗೆ ತಿರುಗಿಸಿ, ಅರ್ಧ ಏರಿದ ಮೇಲೆ ಎಚ್ಚೆತ್ತು ವಾಪಸಾಗಿದ್ದಳು. ಗಂಡ ಹಿಟ್ಟು ನಾದುತ್ತಲೇ ನಕ್ಕ. "ಗಾಡೀನೂ ನಿನ್ನ ಹಾಗೇ, ತವರಿನ ದಾರಿ ಕಂಡ್ರೆ ಸಾಕು ಓಡುತ್ತೆ."

ಮಾತು ತಮಾಷೆಯದೇ. ಆದರೆ ಅದು ಮನಸ್ಸಿನಲ್ಲಿ ಕೂತಿತು. ಗ್ಯಾರೇಜು ಇಟ್ಟಿದ್ದ ಸೋದರಮಾವನ ಹತ್ತಿರ ಕಾರು ಒಯ್ದಳು. ಮಾವ ಬಾನೆಟ್ ಎತ್ತಿ, ಬೀಡಿ ಬದಿಗಿಟ್ಟು, ಒಳಗೆ ತಲೆ ತೂರಿಸಿದ. ಎಂಜಿನ್ನು ಹಿಡಿದಿದ್ದ ಬೋಲ್ಟುಗಳ ಮೇಲೆ ಸ್ಪ್ಯಾನರ್ ಕಚ್ಚಿದ ಗುರುತುಗಳಿದ್ದವು, ಅದರಡಿಯ ರಬ್ಬರು ಗಾಡಿಗಿಂತ ಚಿಕ್ಕ ವಯಸ್ಸಿನದು. ಸೀಮೆಎಣ್ಣೆಯ ಬಟ್ಟೆಯಿಂದ ಜಿಡ್ಡು ಒರೆಸಿದಾಗ ಕಬ್ಬಿಣದ ಮೇಲೆ ಕೊರೆದ ನಂಬರು ನಿಧಾನವಾಗಿ ಮೂಡಿತು. ಗಾಡಿಯ ಕಾಗದದಲ್ಲಿದ್ದ ನಂಬರು ಅದಲ್ಲ.

"ಮೈ ಒಬ್ಬರದು, ಗುಂಡಿಗೆ ಇನ್ನೊಬ್ಬರದು ಕಣೇ," ಅಂದ ಮಾವ. "ಕೆಟ್ಟ ಕೆಲಸ ಅಲ್ಲ, ಪ್ರೀತಿಯಿಂದ ಕೂರಿಸಿದಾರೆ. ಏರಿಗೆ ಅಂತಾನೇ ಹದ ಮಾಡಿದ ಎಂಜಿನ್ ಇದು."

ಕಾಗದ ಸರಿಮಾಡಿಸದಿದ್ದರೆ ನಾಳೆ ಕಳ್ಳಮಾಲು ಅಂದಾರು ಎಂದೂ ಎಚ್ಚರಿಸಿದ. ಅವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಸಂಜೆ ಮೇಷ್ಟ್ರ ಮನೆಗೆ ಹೋಗಿ, ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತು, ಎಂಜಿನ್ನು ಯಾರದು ಎಂದು ಮೆತ್ತಗೆ ಕೇಳಿದಳು. ಕುಂಬಳಕಾಯಿ ಕಳ್ಳನ ಹಾಗೆ ಮೇಷ್ಟ್ರು ಹೆಗಲು ಮುಟ್ಟಿ ನೋಡಿಕೊಳ್ಳಲಿಲ್ಲ. ತಮ್ಮ ಬಣ್ಣದ ಕಲೆಯ ಬೆರಳುಗಳನ್ನೇ ನೋಡುತ್ತಾ ಹೇಳಿದರು. ಹೆಂಡತಿ ಹೆರಿಗೆ ನರ್ಸು. ಇಂಥದೇ ಕಾರು, ಬಿಳಿಯದು, ಅವರಿಗೂ ಇತ್ತು. ಗುಡ್ಡದ ಮನೆಮನೆಗೂ ಅದರಲ್ಲೇ ಹೋಗುತ್ತಿದ್ದರು. ಹೆಂಡತಿ ಜ್ವರದಲ್ಲಿ ತೀರಿಕೊಂಡ ಮೇಲೆ ಬಿಳಿ ಕಾರು ಹಿತ್ತಲಲ್ಲೇ ನಿಂತು ತುಕ್ಕು ತಿಂದಿತು. ನೀಲಿ ಕಾರಿನ ಎಂಜಿನ್ನು ಸುಟ್ಟುಹೋದಾಗ, ಬಿಳಿ ಕಾರಿನದನ್ನು ಎತ್ತಿ ಇದಕ್ಕೆ ಇಡಿಸಿದರು.

"ಮಾರುವಾಗ ಹೇಳಬೇಕಾಗಿತ್ತಮ್ಮಾ. ಹೇಳಿದ್ರೆ ಕೊಡೋಕೆ ಕೈ ಬರ್ತಿರಲಿಲ್ಲ. ಬೇಡ ಅನ್ನಿಸಿದ್ರೆ ಗಾಡಿ ವಾಪಸ್ ತಂದುಬಿಡು."

ಅವಳು ಬೇಡ ಅನ್ನಲಿಲ್ಲ. ನಾಳೆ ಬೆಳಿಗ್ಗೆ ಒಂದು ಸುತ್ತು ಬರುತ್ತೀರಾ ಎಂದಳು.

ಮರುದಿನ ಅಂಗಡಿಗಳಿಗೆಲ್ಲ ಬ್ರೆಡ್ಡು ಹಾಕಿ, ಮೇಷ್ಟ್ರನ್ನು ಪಕ್ಕದಲ್ಲಿ ಕೂರಿಸಿಕೊಂಡು ಗುಡ್ಡ ಏರಿದಳು. ಮಂಜು ದಾರಿಯ ಮೇಲೆಯೇ ಮಲಗಿತ್ತು. ಕಾರು ಗುನುಗತೊಡಗಿದಾಗ ಮೇಷ್ಟ್ರು ಕಣ್ಣು ಮುಚ್ಚಿದರು. ತಿರುವು ಬರುವ ಮೊದಲೇ ಅವರ ದೇಹ ಆ ಕಡೆಗೆ ವಾಲುತ್ತಿತ್ತು. ಎಷ್ಟು ಹೊತ್ತು ಏರಿದರೋ ಇಬ್ಬರಿಗೂ ತಿಳಿಯಲಿಲ್ಲ. ನೆತ್ತಿಯ ಹತ್ತಿರ ನಾಲ್ಕಾರು ಮನೆಗಳು, ಒಂದು ನಲ್ಲಿ. ಪಾತ್ರೆ ತೊಳೆಯುತ್ತಿದ್ದ ಹೆಂಗಸೊಬ್ಬಳು ಎದ್ದು, ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ ರಸ್ತೆಯ ಅಂಚಿಗೆ ಬಂದು ನಿಂತಳು. ಕಾರು ನಿಂತಾಗ ಬಗ್ಗಿ ನೋಡಿದಳು.

"ನರ್ಸಮ್ಮ ಬಂದ್ರು ಅಂದ್ಕೊಂಡೆ," ಅಂದಳು ನಾಚಿಕೊಂಡು. "ಅವರು ಹೋಗಿದ್ದು ಗೊತ್ತು. ಆದ್ರೂ ಸದ್ದು ಕೇಳಿ ಕಾಲು ತಾನಾಗೇ ಎದ್ದು ಬಂತು."

ಅವಳ ಮಕ್ಕಳೆಲ್ಲ ನರ್ಸಮ್ಮನ ಕೈಯಲ್ಲೇ ಭೂಮಿಗೆ ಬಂದವರು. ಮೇಷ್ಟ್ರು ಕಿಟಕಿಯಿಂದ ಕೈ ಚಾಚಿದರು. ಅವಳು ಆ ಕೈಯನ್ನು ತನ್ನ ತಣ್ಣನೆಯ ಕೈಗಳಲ್ಲಿ ಹಿಡಿದುಕೊಂಡಳು. ಬೇಕರಿಯಾಕೆ ಏನು ಮಾಡುವುದೆಂದು ತೋಚದೆ, ಉಳಿದಿದ್ದ ಬ್ರೆಡ್ಡುಗಳನ್ನು ಇಳಿಸಿ ಹಂಚಿದಳು.

ಆಮೇಲೆ ಮೇಷ್ಟ್ರೇ ಆರ್‌ಟಿಒ ಕಚೇರಿಗೆ ಬಂದು ಹೇಳಿಕೆ ಕೊಟ್ಟು, ಗಾಡಿಯ ಕಾಗದದಲ್ಲಿ ಎಂಜಿನ್ನಿನ ಹೊಸ ನಂಬರು ಬರೆಸಿದರು. ಗುಡ್ಡಕ್ಕೆ ಮಾತ್ರ ಮತ್ತೆ ಬರಲಿಲ್ಲ; ಕರೆದಾಗಲೆಲ್ಲ, ಒಂದು ಸಲ ಹೋಗಿಬಂದದ್ದು ಸಾಕು, ಅದೇ ಇನ್ನೂ ಕರಗಿಲ್ಲ ಎನ್ನುತ್ತಿದ್ದರು. ಅವಳು ವಾರಕ್ಕೊಮ್ಮೆ ಹೋಗುತ್ತಾಳೆ. ಅಲ್ಲಿ ಬ್ರೆಡ್ಡು ಮಿಕ್ಕುವುದಿಲ್ಲ. ಹಲ್ಲಿಲ್ಲದ ಅಜ್ಜಿಯೊಬ್ಬಳು ಬ್ರೆಡ್ಡಿನ ಅಂಚು ಗಟ್ಟಿ ಅಂತ ಪ್ರತಿ ಸಲವೂ ಬೈದು, ಪ್ರತಿ ಸಲವೂ ಎರಡು ಕೊಳ್ಳುತ್ತಾಳೆ.