ಮೊದಲ ಅಧ್ಯಾಯ ಓದಿ ಮುಚ್ಚಿದ ಶಾಲೆ

ನನ್ನ ಪುಸ್ತಕವನ್ನು ಯಾರೂ ಓದಲ್ಲ ಅಂತ ನಾನು ವರ್ಷಗಟ್ಟಲೆ ಗೊಣಗಿದ್ದೇನೆ. ಈಗ ಅನ್ನಿಸುತ್ತೆ, ಯಾರೂ ಓದದೇ ಇದ್ದಿದ್ದರೇ ಚೆನ್ನಾಗಿತ್ತು. ಪೂರ್ತಿ ಓದುವವರಿಂದ ಊರಿಗೆ ಕೇಡಿಲ್ಲ. ಮುಟ್ಟದೇ ಇರುವವರಿಂದಲೂ ಕೇಡಿಲ್ಲ. ಮೊದಲ ಮೂವತ್ತು ಪುಟ ಓದಿ, ಎಲ್ಲಾ ತಿಳಿದು ಹೋಯ್ತು ಅಂತ ಎದ್ದು ಹೋಗ್ತಾರಲ್ಲ, ಅವರ ಕೈಗೆ ಮಾತ್ರ ಪುಸ್ತಕ ಸಿಗಬಾರದು.

ನಾನು ಮೂಡಿಗೆರೆ ಕಡೆಯ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿಕೊಡುವವಳು. ಅಪ್ಪನದು ಬಣಕಲ್ಲಿನಲ್ಲಿ ದಿನಸಿ ಅಂಗಡಿ. ಪುಸ್ತಕ ಅಚ್ಚಾಗಿ ಬಂದ ದಿನ ಒಂದು ಪ್ರತಿ ತಂದು ಅಪ್ಪನ ಗಲ್ಲಾಪೆಟ್ಟಿಗೆ ಮೇಲಿಟ್ಟೆ. ಅವರು ಕೈಯಲ್ಲಿ ತೂಗಿ ನೋಡಿದರು. "ಕಥೆ ಪುಸ್ತಕನಾ?" ಅಂದರು. ಅಲ್ಲ ಅಂದೆ. "ಪರೀಕ್ಷೆಗೆ ಬರುತ್ತಾ?" ಅದೂ ಇಲ್ಲ ಅಂದೆ. "ಮತ್ಯಾಕೆ ಮಾರಾಯ್ತಿ ಇಷ್ಟು ದಪ್ಪ?" ಅಂದರು.

ದಪ್ಪ ಇರಲೇಬೇಕಿತ್ತು. ನಮ್ಮ ಕಾಫಿ ತೋಟಗಳ ಲೈನ್ ಮನೆಗಳಲ್ಲಿ, ಅಂದರೆ ಆಳುಗಳಿಗೆ ಅಂತ ಸಾಲಾಗಿ ಕಟ್ಟಿದ ಮನೆಗಳಲ್ಲಿ, ಹುಟ್ಟಿದ ಮಕ್ಕಳು ಹೇಗೆ ಬೆಳೆಯುತ್ತಾರೆ, ಎಲ್ಲಿಯವರೆಗೆ ಓದುತ್ತಾರೆ, ಯಾಕೆ ಬಿಡುತ್ತಾರೆ ಅನ್ನೋದು ಅದರ ವಿಷಯ. ಅದನ್ನು ಹೇಳಬೇಕಾದರೆ ಪಂಚಾಯಿತಿ ರಾಜಕೀಯದ ಚರಿತ್ರೆ ಹೇಳಬೇಕು. ಯಾರ ಓಟಿಗೆ ರಸ್ತೆ ಬಂತು, ಯಾರ ಓಟಿಗೆ ನಲ್ಲಿ ಬಂತು, ಯಾರಿಗೆ ಏನೂ ಬರಲಿಲ್ಲ, ಎಲ್ಲ. ಲೈನಿನ ಹೆಂಗಸರು ಹಣ್ಣು ಕೊಯ್ಯುವಾಗ ಹೇಳೋ ಹಾಡುಗಳ ಮೇಲೂ ಒಂದು ಅಧ್ಯಾಯ ಇದೆ. ಸಾಹಿತ್ಯದವರು ಅದನ್ನು ನೋಡಿ 'ಇದು ಸಮಾಜಶಾಸ್ತ್ರ' ಅಂದರು, ಸಮಾಜಶಾಸ್ತ್ರದವರು 'ಇದು ಸಾಹಿತ್ಯ' ಅಂದರು. ಇಬ್ಬರೂ ಓದಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ನನಗೆ ಈ ಸಿಟ್ಟು ಇರುತ್ತಿರಲಿಲ್ಲ. ಎಲ್ಲದಕ್ಕೂ ಮೂಲ ನನ್ನ ಮಾರ್ಗದರ್ಶಕರು. ಹಳೇ ಕಾಲದ ವಿದ್ವಾಂಸರು, ಶಾಸ್ತ್ರ ಓದಿಕೊಂಡವರು. ಬರೆಯಲು ಕೂತ ಮೊದಲ ದಿನವೇ ಹೇಳಿದ್ದರು: "ನೋಡಮ್ಮ, ನಮ್ಮಲ್ಲಿ ಒಂದು ಕ್ರಮ ಇದೆ. ಮೊದಲು ಪೂರ್ವಪಕ್ಷ. ಅಂದರೆ ಎದುರಾಳಿಯ ವಾದ. ಅದನ್ನ ಅವನಿಗಿಂತ ಚೆನ್ನಾಗಿ ನೀನೇ ಹೇಳಬೇಕು. ಅವನೇ ಓದಿದರೂ ತಲೆದೂಗಬೇಕು, ಹಾಗೆ. ಆಮೇಲೆ ಒಂದೊಂದಾಗಿ ಖಂಡಿಸಿ, ಕೊನೆಗೆ ನಿನ್ನ ಸಿದ್ಧಾಂತ ಇಡು." ನನಗೆ ಈ ಕ್ರಮ ಬಹಳ ಹಿಡಿಸಿತು. ಎದುರಿನವನ ಮಾತು ಕೇಳದೆ ಬೈಯೋದು ಬೀದಿ ಜಗಳ, ಕೇಳಿ ಉತ್ತರ ಕೊಡೋದು ವಿದ್ಯೆ. ಈಗಲೂ ಹಾಗೇ ಹೇಳ್ತೀನಿ.

ಹಾಗಾಗಿ ಮೊದಲ ಅಧ್ಯಾಯ ಪೂರ್ತಿ ಪೂರ್ವಪಕ್ಷ. 'ತೋಟದ ಲೈನ್ ಶಾಲೆಗಳ ಕಾಲ ಮುಗಿದಿದೆ. ಮಕ್ಕಳೇ ಇಲ್ಲದ ಕಟ್ಟಡಕ್ಕೆ ಶಿಕ್ಷಕರನ್ನು ಕೊಡುವುದು, ಮಕ್ಕಳಿರುವ ಕಡೆಯ ಮಕ್ಕಳಿಗೆ ಮಾಡುವ ಅನ್ಯಾಯ' ಅಂತ ಬರೆದೆ. ಎಷ್ಟು ಚೆನ್ನಾಗಿ ಬರೆದೆ ಅಂದರೆ ಬರೆದ ಮೇಲೆ ನನಗೇ ಒಂದು ಗಳಿಗೆ ಹೌದಲ್ಲ ಅನ್ನಿಸಿತ್ತು. ನಾಲ್ಕನೇ ಅಧ್ಯಾಯದಲ್ಲಿ ಅದನ್ನೆಲ್ಲ ಬುಡಸಮೇತ ಕಿತ್ತೆ. ಅಲ್ಲಿ ಹೇಳಿದ್ದು ಇಷ್ಟೇ. ಶಾಲೆಯಲ್ಲಿ ಎಷ್ಟು ಮಕ್ಕಳಿದ್ದಾರೆ ಅಂತ ಇಲಾಖೆ ಲೆಕ್ಕ ಹಿಡಿಯೋದು ಮಳೆಗಾಲದ ಬಾಯಲ್ಲಿ. ಆಗ ಲೈನಿನಲ್ಲಿ ಕಾಯಂ ಆಳುಗಳ ಮನೆ ಬಿಟ್ಟರೆ ಯಾರಿರ್ತಾರೆ? ದೀಪಾವಳಿ ಕಳೆದ ಮೇಲೆ ಬಯಲುಸೀಮೆಯಿಂದ ಸಂಸಾರಗಳು ಹಣ್ಣು ಕೊಯ್ಯಲು ಬಂದು ಇಳಿಯುತ್ತವೆ. ಅವರ ಮಕ್ಕಳು ಬಂದರೆ ಶಾಲೆಯಲ್ಲಿ ಕೂರಲು ಜಾಗ ಸಾಲದೆ ಜಗಲಿಯಲ್ಲಿ ಕೂರಿಸಬೇಕು. ಮಳೆಗಾಲದಲ್ಲಿ ಎಣಿಸಿದರೆ ಶಾಲೆ ಖಾಲಿ, ಕೊಯ್ಲಿನಲ್ಲಿ ಎಣಿಸಿದರೆ ಭರ್ತಿ. ಇದನ್ನು ಅರ್ಥ ಮಾಡಿಕೊಳ್ಳೋಕೆ ಏನು ಮಹಾ ಬುದ್ಧಿ ಬೇಕು ಹೇಳಿ.

ಈ ಮಾತು ನನಗೆ ಹೊಳೆದಿದ್ದು ದೇವರಮನೆ ಗುಡ್ಡದ ಕಡೆ ಹೋಗುವ ದಾರಿಯ ಒಂದು ತೋಟದ ಶಾಲೆಯಲ್ಲಿ. ಒಂದೇ ಕೋಣೆ, ಒಬ್ಬರೇ ಟೀಚರ್. ಆ ಲೈನಿನಲ್ಲಿ ಕಾಯಂ ಆಳಾಗಿದ್ದ ಒಬ್ಬ ಹೆಂಗಸು ಶಾಲೆಯ ಜಗಲಿಯಲ್ಲಿ ಕೂತು ನನ್ನ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟಿದ್ದಳು. ಅವಳ ಮಗಳು ಆಗ ಒಂದನೇ ಕ್ಲಾಸು. "ನನ್ನ ಮಗಳು ಮಾತ್ರ ಕೊಯ್ಲಿನ ಬುಟ್ಟಿ ಹಿಡೀಬಾರ್ದು ಮೇಡಂ" ಅಂತ ಮಾತಿಗೊಮ್ಮೆ ಅನ್ನೋಳು. ಈ ಶಾಲೆ ಬಿಟ್ಟರೆ ಇನ್ನೊಂದು ಶಾಲೆ ಕಾಡು ದಾಟಿ ಹೋಗಬೇಕು, ಆ ದಾರಿಯಲ್ಲಿ ಆನೆ ಓಡಾಟ. ದೊಡ್ಡವರೇ ಸಂಜೆ ಹೊತ್ತು ಹೆಜ್ಜೆ ಇಡಲ್ಲ.

ಕಳೆದ ಮಳೆಗಾಲದಲ್ಲಿ ನಾನು ಅಪ್ಪನ ಅಂಗಡಿಯಲ್ಲಿ ಕೂತಿದ್ದೆ. ಆ ಹೆಂಗಸು ಅಕ್ಕಿಗೆ ಬಂದಳು. ಮಗಳೂ ಜೊತೆಗಿದ್ದಳು. "ಏನೇ ಪುಟ್ಟಿ, ಶಾಲೆಗೆ ರಜಾನಾ?" ಅಂದೆ. ಮಗು ಅಮ್ಮನ ಮುಖ ನೋಡಿತು.

"ಶಾಲೆ ಬಾಗ್ಲು ಹಾಕಿದ್ರಲ್ಲ ಮೇಡಂ. ನೀವೇ ಹಾಕ್ಸಿದ್ದಂತೆ."

"ನಾನಾ? ಯಾರು ಹೇಳಿದ್ದು ನಿಂಗೆ?"

"ಟೀಚರ್ರು ಆರ್ಡರ್ ಓದಿ ಹೇಳಿದ್ರು. ನಿಮ್ಮ ಪುಸ್ತಕದ ಹೆಸರು ಹಾಕಿ, ಮಕ್ಕಳಿಲ್ಲದ ಕಟ್ಟಡ ಬೇಡ ಅಂತ ನೀವೇ ಬರ್ದಿದೀರಿ ಅಂತ ಇತ್ತಂತೆ." ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಬೈದಿದ್ದರೆ ವಾಸಿ ಇತ್ತು. ಅಪ್ಪ ಅಕ್ಕಿ ತೂಗುತ್ತಿದ್ದವರು ತಕ್ಕಡಿ ನಿಲ್ಲಿಸಿ ನನ್ನ ಕಡೆ ನೋಡಿದರು.

ಮಾರನೇ ದಿನವೇ ಶಿಕ್ಷಣ ಇಲಾಖೆ ಕಚೇರಿಗೆ ಹೋದೆ. ಆರ್ಡರ್ ಹೊರಡಿಸಿದ ಅಧಿಕಾರಿ ನನ್ನನ್ನು ಕಂಡು ಎದ್ದು ನಿಂತರು. "ಬನ್ನಿ ಮೇಡಂ, ಬನ್ನಿ! ನಾನೇ ಫೋನ್ ಮಾಡಬೇಕು ಅಂತಿದ್ದೆ. ನಮ್ಮೂರಿನ ವಿದ್ವಾಂಸರ ಸಂಶೋಧನೆ ನಮಗೆ ಆಧಾರ ಆಯ್ತಲ್ಲ, ಮುಂದಿನ ಸಭೆಯಲ್ಲಿ ನಿಮಗೊಂದು ಸನ್ಮಾನ ಇಟ್ಕೊಂಡಿದೀವಿ" ಅಂದರು. ಟೀ ತರಿಸಿದರು. ಅಯ್ಯೋ ಶಿವನೇ, ಇವರಿಗೆ ಎಲ್ಲಿಂದ ಶುರು ಮಾಡಲಿ!

ಪುಸ್ತಕ ಮೇಜಿನ ಮೇಲೇ ಇತ್ತು. ಯಾವುದೋ ಸಮಾರಂಭದಲ್ಲಿ ಹಾರದ ಬದಲು ಪುಸ್ತಕ ಕೊಡ್ತಾರಲ್ಲ, ಹಾಗೆ ಅವರ ಕೈಸೇರಿದ ಪ್ರತಿ. ಮೊದಲ ಅಧ್ಯಾಯದ ತುಂಬ ಕೆಂಪು ಗೆರೆ, ಹಸಿರು ಗೆರೆ, ಪಕ್ಕದಲ್ಲಿ 'ಉತ್ತಮ' ಅಂತ ಬೇರೆ. ಅಲ್ಲಿಂದ ಮುಂದಿನ ಹಾಳೆಗಳು ಮಳೆಗಾಲದ ಥಂಡಿಗೆ ಒಂದಕ್ಕೊಂದು ಅಂಟಿಕೊಂಡು ಹಲಗೆಯಂತಾಗಿದ್ದವು. ಉಗುರು ಹಾಕಿ ಬಿಡಿಸಿದರೆ ಹರಿಯುತ್ತೆ.

"ಸಾರ್, ಇದು ನನ್ನ ಅಭಿಪ್ರಾಯ ಅಲ್ಲ" ಅಂದೆ.

"ನಿಮ್ಮ ಪುಸ್ತಕ ಅಲ್ವಾ ಮೇಡಂ ಇದು?"

"ಪುಸ್ತಕ ನಂದೇ. ಈ ಮಾತು ನಂದಲ್ಲ."

"ಬರೆದಿದ್ದು ಯಾರು?"

"ನಾನೇ."

ಅವರು ಪುಸ್ತಕವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ನಿಮ್ಮದಲ್ಲದ ಮಾತನ್ನ ನೀವು ಯಾಕೆ ಬರೀತೀರಿ ಮೇಡಂ? ಅದೂ ಮೊದಲಲ್ಲೇ?"

ಪೂರ್ವಪಕ್ಷ, ಖಂಡನೆ, ಸಿದ್ಧಾಂತ ಎಲ್ಲಾ ವಿವರಿಸಿದೆ. ಕ್ಲಾಸಿನಲ್ಲಿ ವಿದ್ಯಾರ್ಥಿಗಳಿಗೂ ಅಷ್ಟು ತಾಳ್ಮೆಯಿಂದ ಹೇಳಿದವಳಲ್ಲ. "ಓಹೋ" ಅಂದರು. "ಹಾಗಾದ್ರೆ ಮೊದಲನೇ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಹಾಕಬೇಕಿತ್ತು, ಇದನ್ನ ನಂಬಬೇಡಿ ಅಂತ." ನಾನು ಸ್ಕೇಲು ಇಸಕೊಂಡು ಹಾಳೆ ಬಿಡಿಸುತ್ತಾ ನಾಲ್ಕನೇ ಅಧ್ಯಾಯಕ್ಕೆ ಬಂದು, ಓದಿ ಅಂತ ಅವರ ಮುಂದೆ ಹಿಡಿದೆ. ನನ್ನೆದುರೇ ಕೂತು ಓದಿದರು. ಕೆಟ್ಟ ಮನುಷ್ಯ ಅಂತ ಹೇಳಲಾರೆ, ಅದೇ ನನ್ನ ಕರ್ಮ. ಕೆಟ್ಟವರಾಗಿದ್ದರೆ ಜಗಳವಾಡಿ ಎದ್ದು ಬರಬಹುದಿತ್ತು.

"ನೀವು ಹೇಳೋದರಲ್ಲಿ ನ್ಯಾಯ ಇದೆ" ಅಂದರು ಕೊನೆಗೆ. "ಆದ್ರೆ ಆರ್ಡರ್ ಆಗಿ ಹೋಗಿದೆ. ಒಂದು ಕೆಲಸ ಮಾಡೋಣ. ಕೊಯ್ಲು ಶುರುವಾಗಲಿ, ನಾನೇ ಬಂದು ಎಣಿಸ್ತೀನಿ. ಮಕ್ಕಳಿದ್ರೆ ಬಾಗಿಲು ತೆಗೆಸೋದು ನನ್ನ ಜವಾಬ್ದಾರಿ."

ಮನೆಗೆ ಬಂದು ಮಾರ್ಗದರ್ಶಕರಿಗೆ ಫೋನ್ ಮಾಡಿ ಎಲ್ಲ ಒದರಿದೆ. ಆ ಪುಣ್ಯಾತ್ಮರು ನಕ್ಕರು! "ಅಂದರೆ ಪೂರ್ವಪಕ್ಷ ಚೆನ್ನಾಗಿ ಬಂದಿದೆ ಅಂತಾಯ್ತಲ್ಲಮ್ಮ" ಅಂದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಗುರುಗಳು ಅಂತ ಬಾಯಿ ಮುಚ್ಚಿಕೊಂಡು ಫೋನ್ ಇಟ್ಟೆ.

ಲೈನಿಗೆ ಹೋಗಿ ಆ ಹೆಂಗಸಿಗೆ ವಿಷಯ ತಿಳಿಸಿದೆ. ಕೊಯ್ಲಿನ ತನಕ ತಡ್ಕೋ, ಸಾಹೇಬರು ಮಾತು ಕೊಟ್ಟಿದಾರೆ ಅಂದೆ. ಮಗಳನ್ನು ಕಾಡಿನಾಚೆಯ ಶಾಲೆಗೆ ಒಂದಷ್ಟು ದಿನ ತಾನೇ ಬಿಟ್ಟು ಬರುತ್ತಿದ್ದಳಂತೆ. ಅರ್ಧ ಕೂಲಿ ಹೋಗುತ್ತೆ ಅಂತ ಗಂಡ ಗದರಿದ, ಅಷ್ಟರಲ್ಲಿ ದಾರಿಯಲ್ಲಿ ಆನೆಯೂ ಕಾಣಿಸಿಕೊಂಡಿತು. ಅಲ್ಲಿಗೆ ನಿಂತಿತು. "ಕೊಯ್ಲು ಬರ್ಲಿ ಬಿಡಿ ಮೇಡಂ, ಲೈನ್ ತುಂಬ ಮಕ್ಕಳಿರ್ತಾವಲ್ಲ" ಅಂದಳು. ಹೌದು, ನನಗೂ ಅದರಲ್ಲಿ ಸಂಶಯವೇ ಇರಲಿಲ್ಲ.

ಹಣ್ಣು ಕೆಂಪಾಯಿತು. ಕೊಯ್ಲು ಬಿರುಸಾದ ಒಂದು ಬೆಳಿಗ್ಗೆ ಅಧಿಕಾರಿ ಹೇಳಿದಂತೆಯೇ ಜೀಪಿನಲ್ಲಿ ಬಂದರು. ನಾನು ಮೊದಲೇ ಹೋಗಿ ನಿಂತಿದ್ದೆ. ಬೀಗ ಹಾಕಿದ ಬಾಗಿಲ ಮುಂದೆ ಆ ಹುಡುಗಿ ಎಣ್ಣೆ ಹಚ್ಚಿ ಎರಡು ಜಡೆ ಹಾಕಿಸಿಕೊಂಡು, ಹೋದ ವರ್ಷದ ಯೂನಿಫಾರ್ಮ್ ತೊಟ್ಟು ನಿಂತಿದ್ದಳು. ಲಂಗ ಮೊಣಕಾಲಿಗಿಂತ ಮೇಲೆ ಬಂದಿತ್ತು. ಅವಳ ಜೊತೆ ಕಾಯಂ ಆಳುಗಳ ಮನೆಯ ಇನ್ನೂ ಎರಡು ಮೂರು ಮಕ್ಕಳು. ಅಷ್ಟೇ.

ಲೈನೇನೋ ಭರ್ತಿಯಾಗಿತ್ತು. ಹಗ್ಗದ ಮೇಲೆಲ್ಲ ಬಟ್ಟೆ, ಒಲೆಯ ಹೊಗೆ, ಬುಟ್ಟಿ ಚೀಲ ಹಿಡಿದು ಹೊರಟ ಜನ. ಗಂಡ ಹೆಂಡತಿ ಜೋಡಿಗಳು, ಅಸ್ಸಾಮಿನ ಕಡೆಯ ಹರೆಯದವರು. ಮಕ್ಕಳು ಮಾತ್ರ ಇಲ್ಲ. ಆಳುಗಳನ್ನು ಕರೆತರುವ ಮೇಸ್ತ್ರಿ ಅಲ್ಲೇ ಇದ್ದ. "ಮಕ್ಕಳೆಲ್ಲಿ ಮಾರಾಯ ಈ ಸರ್ತಿ?" ಅಂತ ಹೆಚ್ಚುಕಮ್ಮಿ ಕಿರುಚಿದೆ.

"ಶಾಲೆ ಮುಚ್ಚಿದ್ದು ಅವರ ಊರಲ್ಲೆಲ್ಲ ಗೊತ್ತಾಗಿತ್ತು ಮೇಡಂ" ಅಂದ. "ಮಕ್ಕಳಿರೋರು ಈ ತೋಟಕ್ಕೆ ಬರಲ್ಲ ಅಂದ್ರು. ಶಾಲೆ ಇರೋ ತೋಟ ಹುಡುಕ್ಕೊಂಡು ಕಳಸದ ಕಡೆ ಹೋದ್ರು. ಇನ್ನು ಕೆಲವರು ಮಕ್ಕಳನ್ನ ಅಜ್ಜಿ ಹತ್ರ ಬಿಟ್ಟು ಬಂದಿದಾರೆ. ನಾನೇನು ಮಾಡ್ಲಿ, ಸಿಕ್ಕಿದೋರನ್ನ ಕರ್ಕೊಂಡು ಬಂದೆ."

ಅಧಿಕಾರಿ ನಿಧಾನವಾಗಿ ಲೈನಿನ ಈ ತುದಿಯಿಂದ ಆ ತುದಿಗೆ ನಡೆದು ಬಂದರು. ಎಣಿಸೋಕೆ ಏನಿತ್ತು ಅಲ್ಲಿ. ಕಂಕುಳಲ್ಲಿ ನನ್ನ ಪುಸ್ತಕ ಇತ್ತು. "ಈ ಸಲ ಪೂರ್ತಿ ಓದಿದೆ ಮೇಡಂ, ಸುಳ್ಳು ಹೇಳಲ್ಲ" ಅಂದರು. "ನಾಲ್ಕನೇ ಅಧ್ಯಾಯ ಬಹಳ ಚೆನ್ನಾಗಿದೆ. ಆದ್ರೆ ಇಲ್ಲಿ ಬಂದು ನೋಡಿದ್ರೆ ಮೊದಲನೇ ಅಧ್ಯಾಯದಲ್ಲಿರೋದೇ ನಿಜ ಅಲ್ವಾ? ಕೊಯ್ಲಿನಲ್ಲೂ ಮಕ್ಕಳಿಲ್ಲ."

"ನೀವು ಮುಚ್ಚಿದ್ದಕ್ಕೇ ಇಲ್ಲ ಸಾರ್! ಈಗ ಇವನು ಹೇಳಿದ್ದು ಕೇಳಿಸಲಿಲ್ವಾ ನಿಮಗೆ? ಶಾಲೆ ಮುಚ್ಚಿದ್ರಿ, ಅದಕ್ಕೆ ಮಕ್ಕಳು ಬರಲಿಲ್ಲ. ಮಕ್ಕಳು ಬರಲಿಲ್ಲ ಅಂತ ಈಗ ಮತ್ತೆ ಮುಚ್ಚೇ ಇಡ್ತೀರಾ?"

ಅವರಿಗೂ ಪಾಪ ಅನ್ನಿಸಿತ್ತು, ಮುಖದಲ್ಲಿ ಕಾಣುತ್ತಿತ್ತು. "ನೀವು ಹೇಳೋದು ನನಗೆ ಅರ್ಥ ಆಗುತ್ತೆ. ಮೇಸ್ತ್ರಿ ಮಾತು ಕೇಳಿ ಶಾಲೆ ತೆಗೆಸಿದೆ ಅಂತ ಮೇಲಿನವರಿಗೆ ಬರೆಯೋಕಾಗಲ್ಲ ಮೇಡಂ, ಒಂದು ಆಧಾರ ಬೇಕು." ಪುಸ್ತಕ ತೆಗೆದು ನನ್ನ ಮುಂದೆ ಹಿಡಿದರು. "ಈ ಮಾತು ಇದರಲ್ಲಿ ಎಲ್ಲಾದರೂ ಇದ್ಯಾ?"

ಇರಲಿಲ್ಲ. ನಾನು ಬರೆಯುವಾಗ ಆ ಶಾಲೆಯ ಬಾಗಿಲು ತೆಗೆದಿತ್ತು.

ಜೀಪು ಹೋಯಿತು. ಮೇಸ್ತ್ರಿ ಆಳುಗಳ ಹಿಂದೆ ತೋಟಕ್ಕೆ ಇಳಿದ. ಆ ಹೆಂಗಸು ಅಷ್ಟು ಹೊತ್ತೂ ದೂರದಲ್ಲಿ ನಿಂತಿದ್ದವಳು ಹತ್ತಿರ ಬಂದಳು. "ಏನಂತೆ ಮೇಡಂ? ತೆಗೀತಾರಂತಾ?" ಅಂದಳು. ಇಲ್ಲ ಅಂತ ತಲೆ ಅಲ್ಲಾಡಿಸಿದೆ. ಅವಳು ಬೀಗದ ಕಡೆ ನೋಡಿದಳು. ಆಮೇಲೆ ಮಗಳ ಕಡೆ ತಿರುಗಿದಳು.

"ಹೋಗು, ಯೂನಿಫಾರ್ಮ್ ಬಿಚ್ಚಿಟ್ಟು ಬಾ. ಬಟ್ಟೆಗೆ ಹಣ್ಣಿನ ಕರೆ ಹತ್ತಿದ್ರೆ ಹೋಗಲ್ಲ" ಅಂದು, ಒಳಗಿಂದ ಇನ್ನೊಂದು ಸಣ್ಣ ಬುಟ್ಟಿ ತಂದಳು.